ಮುಚ್ಚಿದ ಗಿರಣಿ ಕಲಾ ಗ್ಯಾಲರಿಯಾಗಬೇಕಾದರೆ: ದಾವಣಗೆರೆ ಮೊದಲು ಮಾಡಬೇಕಾದ ಲೆಕ್ಕ

ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ ಸಿಟ್ರೊಯೆನ್ ಕಂಪನಿ 1930ರ ದಶಕದಲ್ಲಿ ಕಟ್ಟಿಸಿದ್ದ ಬೃಹತ್ ಕಾರು ಗ್ಯಾರೇಜು ‘ಕನಾಲ್’ ಎಂಬ ಹೆಸರಿನ ಸಮಕಾಲೀನ ಕಲಾ ಸಂಗ್ರಹಾಲಯವಾಗಿ 2026ರ ನವೆಂಬರ್‌ನಲ್ಲಿ ಬಾಗಿಲು ತೆರೆಯಲಿದೆ ಎಂದು ಪ್ರಕಟವಾಗಿದೆ. ಅದರ ಬೆನ್ನಿಗೇ ಬಂದ ಇನ್ನೊಂದು ಸುದ್ದಿಯೆಂದರೆ, ಸಾಲದ ಹೊರೆ ಹೊತ್ತಿರುವ ಅಲ್ಲಿನ ಪ್ರಾದೇಶಿಕ ಸರ್ಕಾರ ಈ ಸಂಸ್ಥೆಗೆ ವರ್ಷವರ್ಷವೂ ಅನುದಾನ ಕೊಡಬಲ್ಲದೇ ಎಂಬ ವಾಗ್ವಾದ. ಒಂದೇ ಕಟ್ಟಡದ ಬಗ್ಗೆ ಹೆಮ್ಮೆಯೂ ಆತಂಕವೂ ಒಟ್ಟಿಗೆ ಕೇಳಿಬಂದಾಗ ಓದುಗರಿಗೆ ಗೊಂದಲವಾಗುವುದು ಸಹಜ.

ದಾವಣಗೆರೆಯ ಓದುಗರಿಗಂತೂ ಇದು ಪರದೇಶದ ಸಂಗತಿ ಮಾತ್ರವಲ್ಲ. ಹತ್ತಿ ಗಿರಣಿಗಳಿಂದಲೇ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಕರೆಸಿಕೊಂಡ ಊರಿದು. ಲಂಡನ್ನಿನ ವಿದ್ಯುತ್ ಸ್ಥಾವರ, ಕೊಚ್ಚಿಯ ಗೋದಾಮು, ಆಲಪ್ಪುಳದ ತೆಂಗಿನ ನಾರಿನ ಕಾರ್ಖಾನೆ ಕಲೆಗೆ ನೆಲೆಯಾಗಿರುವಾಗ ನಮ್ಮ ಗಿರಣಿಗಳ ಕಟ್ಟಡಗಳು ಯಾಕಾಗಬಾರದು ಎಂಬ ಪ್ರಶ್ನೆ ಇಲ್ಲಿ ಏಳಲೇಬೇಕು. ಆಗಬಹುದು. ಆದರೆ ಇಂಥ ಪ್ರಯತ್ನಗಳನ್ನು ಕೆಡಿಸುವುದು ಬಿರುಕು ಬಿಟ್ಟ ಗೋಡೆಯಾಗಲಿ ಸೋರುವ ಮಾಡಾಗಲಿ ಅಲ್ಲ. ನೆಲದ ಒಡೆತನ ತೀರ್ಮಾನವಾಗದಿರುವುದು ಮತ್ತು ಉದ್ಘಾಟನೆಯ ಮರುದಿನದ ಖರ್ಚನ್ನು ಯಾರೂ ಹೊರದಿರುವುದು ಅವನ್ನು ಕೆಡಿಸುತ್ತವೆ.

ಗಿರಣಿಗಳು ಬಂದದ್ದು, ಹೋದದ್ದು

ಸುತ್ತಲಿನ ಕಪ್ಪು ಮಣ್ಣಿನಲ್ಲಿ ಬೆಳೆಯುತ್ತಿದ್ದ ಹತ್ತಿ, ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗ, ಪುಣೆ–ಬೆಂಗಳೂರು ಹೆದ್ದಾರಿ, ಹತ್ತಿಯ ವ್ಯಾಪಾರದಲ್ಲಿ ಹಣ ಕೂಡಿಸಿದ್ದ ಸ್ಥಳೀಯ ವರ್ತಕ ಮನೆತನಗಳು ಒಂದೆಡೆ ಸೇರಿದ್ದರಿಂದ ದಾವಣಗೆರೆಯಲ್ಲಿ ಮೊದಲು ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಫ್ಯಾಕ್ಟರಿಗಳೂ 1930ರ ದಶಕದಿಂದೀಚೆಗೆ ನೂಲುವ, ನೇಯುವ ಗಿರಣಿಗಳೂ ಎದ್ದವು. ಪಾಳಿಯ ಸೈರನ್ನಿಗೆ ತಕ್ಕಂತೆ ಊರಿನ ದಿನಚರಿ ನಡೆಯಿತು. ಕಾರ್ಮಿಕ ಸಂಘಟನೆ ಎಷ್ಟು ಬಲವಾಗಿತ್ತೆಂದರೆ, ಗಿರಣಿ ಕಾರ್ಮಿಕರ ನಾಯಕ ಪಂಪಾಪತಿ ಅವರು 1978, 1983 ಮತ್ತು 1985ರಲ್ಲಿ ಭಾರತ ಕಮ್ಯುನಿಸ್ಟ್ ಪಕ್ಷದಿಂದ ಸತತವಾಗಿ ವಿಧಾನಸಭೆಗೆ ಆಯ್ಕೆಯಾದರು.

ಆ ಗಿರಣಿಗಳು ನಿಂತುಹೋದದ್ದಕ್ಕೆ ಒಂದೇ ಕಾರಣವಿಲ್ಲ. ಹಳೆಯ ಯಂತ್ರಗಳನ್ನು ಕಾಲಕ್ಕೆ ಸರಿಯಾಗಿ ಬದಲಿಸಲಿಲ್ಲ, ಕಡಿಮೆ ಕೂಲಿಯ, ಕಾರ್ಮಿಕ ಕಾನೂನುಗಳ ಹಿಡಿತಕ್ಕೆ ಸಿಗದ ವಿದ್ಯುತ್ ಮಗ್ಗಗಳು ಬಟ್ಟೆಯ ಮಾರುಕಟ್ಟೆಯನ್ನು ಕಿತ್ತುಕೊಂಡವು, ಪಾಲಿಯೆಸ್ಟರ್ ಬಂತು, ಜಲವಿದ್ಯುತ್ತನ್ನೇ ನೆಚ್ಚಿಕೊಂಡಿದ್ದ ಕರ್ನಾಟಕದಲ್ಲಿ ಮಳೆ ಕೈಕೊಟ್ಟ ವರ್ಷಗಳಲ್ಲಿ ವಿದ್ಯುತ್ ಕಡಿತ ಉತ್ಪಾದನೆಯನ್ನು ತಿಂದಿತು. 1982ರ ಜನವರಿಯಲ್ಲಿ ಮುಂಬಯಿಯಲ್ಲಿ ಆರಂಭವಾದ ಗಿರಣಿ ಮುಷ್ಕರದ ನಂತರ ದೇಶದ ಸಂಘಟಿತ ಜವಳಿ ಉದ್ಯಮ ಮತ್ತೆ ಮೊದಲಿನ ಸ್ಥಿತಿಗೆ ಬರಲಿಲ್ಲ. ಪಕ್ಕದ ಹರಿಹರದಲ್ಲಿ 1941ರಲ್ಲಿ ನೆಲೆಯೂರಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ 2000ರ ದಶಕದ ಆರಂಭದ ಹೊತ್ತಿಗೆ ನಿಂತುಹೋಯಿತು. ಇಂದು ದಾವಣಗೆರೆ ಕಾಟನ್ ಮಿಲ್ಸ್‌ನ ಹೆಸರು ಜನರ ಬಾಯಲ್ಲಿ ಉಳಿದಿರುವುದು ಹೆಚ್ಚಾಗಿ ‘ಡಿಸಿಎಂ ಟೌನ್‌ಶಿಪ್’ ಎಂಬ ಬಡಾವಣೆಯ ಹೆಸರಿನಲ್ಲಿ.

ಗಿರಣಿಯ ಕಟ್ಟಡ ಕಲೆಗೆ ಒಗ್ಗುವುದೇಕೆ

ಯಂತ್ರಕ್ಕಾಗಿ ಕಟ್ಟಿದ್ದು ಚಿತ್ರಕ್ಕೆ ಹೊಂದುವುದರಲ್ಲಿ ಪವಾಡವೇನೂ ಇಲ್ಲ. ನೂಲುವ ವಿಭಾಗಕ್ಕೆ ಸಾಲುಸಾಲಾಗಿ ಯಂತ್ರ ನಿಲ್ಲಿಸಲು ಅಡ್ಡಗೋಡೆಯಿಲ್ಲದ ಉದ್ದನೆಯ ಹಜಾರ ಬೇಕಿತ್ತು. ಯಂತ್ರದ ತೂಕವನ್ನೂ ಅದುರುವಿಕೆಯನ್ನೂ ತಾಳುವ ಗಟ್ಟಿ ನೆಲ ಬೇಕಿತ್ತು. ಕಡಿದ ಎಳೆ ಕಣ್ಣಿಗೆ ಬೀಳುವಷ್ಟು ಸಮನಾದ, ನೆರಳು ಬೀಳದ ಬೆಳಕು ಬೇಕಿತ್ತು. ಇಂದಿನ ಶಿಲ್ಪಿಗಳು, ಇಡೀ ಜಾಗವನ್ನೇ ಕೃತಿಯಾಗಿಸುವ ಪ್ರತಿಷ್ಠಾಪನಾ ಕಲಾವಿದರು ಕೇಳುವುದೂ ಇವನ್ನೇ. ಟನ್‌ಗಟ್ಟಲೆ ತೂಗುವ ಕೃತಿಯನ್ನು ಸಾಮಾನ್ಯ ಸಭಾಂಗಣದ ಮಹಡಿಗೆ ಏರಿಸಲಾಗುವುದಿಲ್ಲ, ಗಿರಣಿಯ ನೆಲದಲ್ಲಿ ಇಡಬಹುದು. ಲಂಡನ್ನಿನ ಬ್ಯಾಂಕ್‌ಸೈಡ್ ವಿದ್ಯುತ್ ಸ್ಥಾವರ 1981ರಲ್ಲಿ ನಿಂತು 2000ದಲ್ಲಿ ಟೇಟ್ ಮಾಡರ್ನ್ ಎಂಬ ಕಲಾ ಸಂಗ್ರಹಾಲಯವಾಗಿ ತೆರೆದಾಗ ಜನರನ್ನು ಬೆರಗುಗೊಳಿಸಿದ್ದು ಗೋಡೆಯ ಮೇಲಿನ ಚಿತ್ರಗಳಷ್ಟೇ ಅಲ್ಲ, ಒಂದು ಕಾಲಕ್ಕೆ ಟರ್ಬೈನುಗಳು ನಿಂತಿದ್ದ ಸುಮಾರು 35 ಮೀಟರ್ ಎತ್ತರದ ಆ ಹಜಾರ.

ಆದರೆ ಇಲ್ಲಿಯೇ ನಮ್ಮ ನೆಲಕ್ಕೆ ವಿಶಿಷ್ಟವಾದ ಕೆಲವು ತೊಡಕುಗಳಿವೆ. ಹಳೆಯ ಗಿರಣಿಗಳಿಗೆ ಸಾಮಾನ್ಯವಾದ ಗರಗಸದ ಹಲ್ಲಿನಾಕಾರದ ಮಾಡನ್ನು ಇಂಗ್ಲೆಂಡಿನಲ್ಲಿ ರೂಢಿಗೆ ತಂದವರು ಗಾಜಿನ ಮುಖವನ್ನು ಉತ್ತರಕ್ಕೆ ತಿರುಗಿಸಿದರು, ಏಕೆಂದರೆ ಅಲ್ಲಿ ನಡುಹಗಲಿನ ಸೂರ್ಯ ಎಂದೂ ಉತ್ತರಕ್ಕೆ ಬರುವುದಿಲ್ಲ. ದಾವಣಗೆರೆ ಇರುವುದು ಸುಮಾರು ಹದಿನಾಲ್ಕೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹೀಗಾಗಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೆ ವಾಲಿರುತ್ತಾನೆ, ಅಂಥ ಗಾಜಿನಿಂದ ಬಿಸಿಲು ನೇರವಾಗಿಯೇ ಒಳಗೆ ಬೀಳಬಹುದು. ಕಾಗದದ ಮೇಲಿನ ಕೃತಿಗಳಿಗೆ 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೀಳುವ ಬೆಳಕಿನ ಅಳತೆ) ಹೆಚ್ಚು, ತೈಲಚಿತ್ರಗಳಿಗೆ 200 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದೆಂಬುದು ಸಂಗ್ರಹಾಲಯಗಳು ಸಾಮಾನ್ಯವಾಗಿ ಪಾಲಿಸುವ ಮಿತಿ. ಬಿಸಿಲು ಅದನ್ನು ನೂರಾರು ಪಟ್ಟು ಮೀರುತ್ತದೆ. ಬೇಸಿಗೆಯ ಒಣ ಸೆಕೆ ಮುಗಿದೊಡನೆ ಮಳೆಗಾಲದ ತೇವ ಬರುವುದರಿಂದ ಕಾಗದ ಮೊದಲು ಸುರುಟಿ ಆಮೇಲೆ ಬೂಷ್ಟು ಹಿಡಿಯುತ್ತದೆ. ಹಳೆಯ ಮಾಡಿನಲ್ಲಿ ಕಲ್ನಾರಿನ ಶೀಟುಗಳಿದ್ದರೆ ಅವನ್ನು ಒಡೆಯದೆ, ದೂಳೇಳದಂತೆ ನೆನೆಸಿ ಇಳಿಸಬೇಕು, ಏಕೆಂದರೆ ಆ ದೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ. ದಶಕಗಳ ಕಾಲ ಯಂತ್ರದ ಎಣ್ಣೆ ಹೀರಿಕೊಂಡ ನೆಲಕ್ಕೂ ಚಿಕಿತ್ಸೆ ಬೇಕು.

ಇವೆಲ್ಲ ಎಂಜಿನಿಯರುಗಳು ಬಿಡಿಸಬಲ್ಲ ಸಮಸ್ಯೆಗಳು, ಹಣವೊಂದಿದ್ದರೆ ಸಾಕು. ಮುಂದಿನದು ಹಾಗಲ್ಲ.

ನೆಲ ಯಾರದು?

ಗಿರಣಿಯೊಂದು ಬಾಗಿಲು ಹಾಕಿದಾಗ ಅದರ ಮೇಲೆ ಹಲವರ ಹಕ್ಕು ಒಟ್ಟಿಗೆ ಕೂತಿರುತ್ತದೆ. ಸಾಲ ಕೊಟ್ಟ ಬ್ಯಾಂಕಿಗೆ ಜಮೀನು ಒತ್ತೆಯಾಗಿರುತ್ತದೆ. ಕಾರ್ಮಿಕರಿಗೆ ಸಂಬಳ, ಗ್ರಾಚ್ಯುಟಿ, ಭವಿಷ್ಯನಿಧಿಯ ಬಾಕಿ ಇರುತ್ತದೆ. ವಿದ್ಯುತ್ ಬಿಲ್ಲು, ಆಸ್ತಿ ತೆರಿಗೆ ಉಳಿದಿರುತ್ತವೆ. ಕೊನೆಯಲ್ಲಿ ಷೇರುದಾರರು ಇರುತ್ತಾರೆ. ಕಂಪನಿ ಸಮಾಪನೆಗೆ, ಅಂದರೆ ಕಾನೂನಿನಂತೆ ಮುಚ್ಚಿ ಲೆಕ್ಕ ತೀರಿಸುವುದಕ್ಕೆ, ಹೋದರೆ ಆಸ್ತಿ ಅದಕ್ಕೆಂದು ನೇಮಕವಾದ ಲಿಕ್ವಿಡೇಟರ್ ವಶಕ್ಕೆ ಬರುತ್ತದೆ. ಹಳೆಯ ಕಂಪನಿ ಕಾಯ್ದೆಗೆ 1985ರಲ್ಲಿ ಬಂದ ತಿದ್ದುಪಡಿ ಕಾರ್ಮಿಕರ ಬಾಕಿಯನ್ನು ಒತ್ತೆಯ ಮೇಲೆ ಸಾಲ ಕೊಟ್ಟವರ ಬಾಕಿಗೆ ಸಮನಾಗಿ ನಿಲ್ಲಿಸಿತು; 2016ರ ದಿವಾಳಿ ಸಂಹಿತೆಯೂ ಆ ಸಮಾನತೆಯನ್ನು ಉಳಿಸಿಕೊಂಡು ಅದನ್ನು 24 ತಿಂಗಳ ಬಾಕಿಗೆ ಮಿತಿಗೊಳಿಸಿತು.

ಕಲಾ ಗ್ಯಾಲರಿಯ ಕನಸಿಗೆ ಇದರಿಂದ ಏನಾಗುತ್ತದೆ? ಆಸ್ತಿಗೆ ಸಿಗಬಹುದಾದ ಅತಿ ಹೆಚ್ಚಿನ ಬೆಲೆಯನ್ನು ಪಡೆದು ಬಾಕಿ ಬರಬೇಕಾದವರಿಗೆ ಹಂಚುವುದು ಲಿಕ್ವಿಡೇಟರ್‌ನ ಕರ್ತವ್ಯ. ಕಟ್ಟಡ ಎಷ್ಟೇ ಸುಂದರವಾಗಿರಲಿ, ಅದನ್ನು ಕಡಿಮೆ ಬೆಲೆಗೆ ಕಲೆಗೆಂದು ಬಿಟ್ಟುಕೊಡುವ ಅಧಿಕಾರ ಅವನಿಗಿಲ್ಲ. ಬಿಟ್ಟುಕೊಟ್ಟರೆ ಮೊದಲು ನಷ್ಟವಾಗುವುದು ಬಾಕಿಗಾಗಿ ಕಾದಿರುವ ಕಾರ್ಮಿಕ ಕುಟುಂಬಗಳಿಗೇ. ನಗರ ಬೆಳೆದು ಗಿರಣಿಯ ಜಮೀನು ಊರ ನಡುವೆ ಬಂದಿರುವಾಗ ಹರಾಜಿನಲ್ಲಿ ಗೆಲ್ಲುವವನು ನಿವೇಶನ ಮಾಡುವವನೇ ಆಗಿರುತ್ತಾನೆ, ಅವನಿಗೆ ಕಟ್ಟಡವೆಂದರೆ ತೆರವು ಮಾಡಬೇಕಾದ ಖರ್ಚು. ಗಿರಣಿಗಳು ನೆಲಸಮವಾಗುವುದು ಯಾರದೋ ದುರುದ್ದೇಶದಿಂದ ಎನ್ನುವುದಕ್ಕಿಂತ ವ್ಯವಸ್ಥೆಯ ಈ ಓಟದಿಂದ ಎನ್ನುವುದು ಹೆಚ್ಚು ಸರಿ.

ಕಾನೂನಿನ ರಕ್ಷಣೆಯೂ ಇಲ್ಲಿ ಕೈಗೆ ಸಿಗದು. ಸ್ಮಾರಕಗಳನ್ನು ಕುರಿತ ಕೇಂದ್ರದ 1958ರ ಕಾಯ್ದೆಯೂ ರಾಜ್ಯದ 1961ರ ಕಾಯ್ದೆಯೂ ಕಟ್ಟಡಕ್ಕೆ ಕನಿಷ್ಠ ನೂರು ವರ್ಷ ತುಂಬಿರಬೇಕು ಎನ್ನುತ್ತವೆ. 1930ರ ದಶಕದ ನಂತರದ ಗಿರಣಿಗಳು ಆ ಗೆರೆಯ ಈಚೆಗಿವೆ. ಚಿತ್ರದುರ್ಗದ ಕೋಟೆಗೆ ದೊರೆತ ರಕ್ಷಣೆ ದಾವಣಗೆರೆಯ ಚಿಮಣಿಗೆ ದೊರೆಯದು. ಉಳಿಯುವ ದಾರಿ ನಗರ ಯೋಜನೆಯದು: ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಕೈಗಾರಿಕಾ ವಲಯವೆಂದು ಗುರುತಾದ ಜಮೀನನ್ನು ವಸತಿಗೋ ವಾಣಿಜ್ಯಕ್ಕೋ ಬದಲಿಸಬೇಕಾದರೆ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಮಿನಡಿ ಅನುಮತಿ ಬೇಕು. ಸಾರ್ವಜನಿಕರ ಪರವಾಗಿ ಒಂದು ಷರತ್ತನ್ನು ಕೇಳಲು ಆಡಳಿತಕ್ಕೆ ಸಿಗುವ ಒಳ್ಳೆಯ ಸಮಯ ಅದೊಂದೇ. ಇಡೀ ಆವರಣವಲ್ಲದಿದ್ದರೂ ಒಂದು ನೂಲುವ ಹಜಾರ, ಬಾಯ್ಲರ್ ಮನೆ, ಚಿಮಣಿ ಇಷ್ಟನ್ನು ಉಳಿಸಿ ನಗರಕ್ಕೆ ಬಿಟ್ಟುಕೊಡಬೇಕು ಎಂದು ಆಗ ಕೇಳಬಹುದು.

ಷರತ್ತಿನ ಒಂದು ಪದ ಬದಲಾದರೂ ಏನಾಗುತ್ತದೆ ಎಂಬುದಕ್ಕೆ ಮುಂಬಯಿ ಸಾಕ್ಷಿ. 1991ರ ಅಲ್ಲಿನ ಅಭಿವೃದ್ಧಿ ನಿಯಂತ್ರಣ ನಿಯಮ 58ರ ಪ್ರಕಾರ ಗಿರಣಿ ಜಮೀನಿನಲ್ಲಿ ಸ್ಥೂಲವಾಗಿ ಮೂರನೇ ಒಂದು ಭಾಗ ತೆರೆದ ಬಯಲಿಗೆ, ಮೂರನೇ ಒಂದು ಭಾಗ ಸಾರ್ವಜನಿಕ ವಸತಿಗೆ, ಉಳಿದದ್ದು ಮಾಲೀಕರಿಗೆ ಎಂದಿತ್ತು. 2001ರಲ್ಲಿ ಅದನ್ನು ತಿದ್ದಿ, ಕಟ್ಟಡವಿಲ್ಲದ ಖಾಲಿ ಜಾಗವನ್ನು ಮಾತ್ರ ಈ ಲೆಕ್ಕಕ್ಕೆ ಹಿಡಿಯಬೇಕೆಂದು ಮಾಡಲಾಯಿತು. ಗಿರಣಿಗಳ ಬಹುಪಾಲು ನೆಲ ಕಟ್ಟಡದಡಿಯಲ್ಲೇ ಇದ್ದುದರಿಂದ ನಗರದ ಪಾಲು ಕುಗ್ಗಿಹೋಯಿತು. 2006ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಪರೇಲಿನ ಗಿರಣಿಗಳಿದ್ದಲ್ಲಿ ಇಂದು ಮಾಲುಗಳೂ ಗೋಪುರಗಳೂ ನಿಂತಿವೆ.

ವಾದ–ಪ್ರತಿವಾದ

ಗ್ಯಾಲರಿಯ ವಿರುದ್ಧ ಕೇಳಿಬರುವ ಮೊದಲ ಮಾತು ಹಳೆಯ ಕಾರ್ಮಿಕರದು ಮತ್ತು ಅವರ ಮಕ್ಕಳದು: ದುಡಿದವರ ಬಾಕಿ ತೀರದೆ, ಉದ್ಯೋಗ ಬಾರದೆ, ನಮ್ಮ ಬೆವರು ಬಿದ್ದ ನೆಲದಲ್ಲಿ ಯಾರೋ ಚಿತ್ರ ತೂಗುಹಾಕಿದರೆ ನಮಗೇನು ಬಂತು? ಈ ಪ್ರಶ್ನೆಯನ್ನು ಅಭಿರುಚಿಯ ಕೊರತೆಯೆಂದು ತಳ್ಳಿಹಾಕುವವರು ವಿಷಯವನ್ನು ಅರ್ಥಮಾಡಿಕೊಂಡಿಲ್ಲ. ಇದು ನ್ಯಾಯದ ಪ್ರಶ್ನೆ, ಇದಕ್ಕೆ ಮೊದಲು ಉತ್ತರ ಸಿಗಬೇಕು. ಅದೇ ಜಾಗದಲ್ಲಿ ಹೆರಿಗೆ ಆಸ್ಪತ್ರೆಯೋ ಸಿದ್ಧ ಉಡುಪಿನ ಘಟಕವೋ ಬರಲಿ ಎನ್ನುವವರ ಮಾತಿಗೂ ತೂಕವಿದೆ. ಸಿದ್ಧ ಉಡುಪಿನ ಘಟಕ ನೂರಾರು ಹೆಣ್ಣುಮಕ್ಕಳಿಗೆ ಕೆಲಸ ಕೊಡಬಲ್ಲದು, ಗ್ಯಾಲರಿ ಹಾಗೆ ಕೊಡಲಾರದು.

ಪರವಾಗಿ ಮಾತಾಡುವವರ ಬಲವಾದ ವಾದ ಪ್ರವಾಸೋದ್ಯಮದ್ದಲ್ಲ, ಅದು ಅವರ ದುರ್ಬಲ ವಾದ. ಟೇಟ್ ಮಾಡರ್ನ್‌ಗೆ ಮೊದಲ ವರ್ಷವೇ 50 ಲಕ್ಷಕ್ಕೂ ಹೆಚ್ಚು ಜನ ಬಂದರು ನಿಜ, ಆದರೆ ಅದು ಲಂಡನ್, ಪ್ರವೇಶವೂ ಉಚಿತ. 2011ರ ಜನಗಣತಿಯಂತೆ ಸುಮಾರು 4.35 ಲಕ್ಷ ಜನಸಂಖ್ಯೆಯ ದಾವಣಗೆರೆ ಆ ಲೆಕ್ಕವನ್ನು ಎರವಲು ತಂದರೆ ಮೋಸಹೋಗುತ್ತದೆ. ಬಲವಾದ ವಾದ ಬೇರೆಯದೇ ಇದೆ. ದಾವಣಗೆರೆಯಲ್ಲಿ 1964ರಿಂದ ದೃಶ್ಯಕಲಾ ಮಹಾವಿದ್ಯಾಲಯವಿದೆ, ಅದು ಈಗ ದಾವಣಗೆರೆ ವಿಶ್ವವಿದ್ಯಾನಿಲಯದ ಭಾಗ. ಆರು ದಶಕಗಳಿಂದ ಚಿತ್ರ, ಶಿಲ್ಪ, ಅನ್ವಯಿಕ ಕಲೆ ಕಲಿಸುತ್ತಿರುವ ಊರಿನಲ್ಲಿ ಕಲಿತವರ ದೊಡ್ಡ ಕೃತಿಗಳನ್ನು ತಿಂಗಳುಗಟ್ಟಲೆ ಇಟ್ಟು ತೋರಿಸುವ ಜಾಗ ಇರಬೇಕಾದದ್ದು ಸಹಜ. ಆ ಜಾಗ ಊರಲ್ಲಿ ಸಿಗದಿದ್ದಾಗ ಪದವಿ ಪಡೆದವರು ಬೆಂಗಳೂರಿನ ರೈಲು ಹತ್ತುತ್ತಾರೆ.

ಉದ್ಘಾಟನೆಯ ಮರುದಿನ

ಕಟ್ಟಡ ರಿಪೇರಿಗೆ ಒಮ್ಮೆ ಹಣ ಹೊಂದಿಸುವುದು ಕಷ್ಟವಾದರೂ ಅಸಾಧ್ಯವಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ನಿಗದಿತ ಗಾತ್ರದ ಕಂಪನಿಗಳು ತಮ್ಮ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ಕೊಡಬೇಕು, ಐತಿಹಾಸಿಕ ಮಹತ್ವದ ಕಟ್ಟಡಗಳ ಜೀರ್ಣೋದ್ಧಾರವೂ ಆ ಪಟ್ಟಿಯಲ್ಲಿದೆ. ಸ್ಮಾರ್ಟ್ ಸಿಟಿ ಯೋಜನೆಯ 2016ರ ಮೊದಲ ಇಪ್ಪತ್ತು ನಗರಗಳಲ್ಲಿ ದಾವಣಗೆರೆಯೂ ಒಂದಾಗಿತ್ತು; ಆ ಯೋಜನೆ 2025ರ ಮಾರ್ಚ್ 31ಕ್ಕೆ ಮುಗಿದಿರುವುದರಿಂದ ಆ ಬಾಗಿಲು ಈಗಿಲ್ಲ.

ನಿಜವಾದ ಕಷ್ಟ ವಿದ್ಯುತ್ ಬಿಲ್ಲು, ಕಾವಲುಗಾರರು, ವಿಮೆ, ಸಂರಕ್ಷಣೆ ಬಲ್ಲ ಸಿಬ್ಬಂದಿ, ಪ್ರತಿ ಮಳೆಗಾಲಕ್ಕೆ ಮುನ್ನ ಮಾಡಿನ ಕೆಲಸ ಇವುಗಳದು. ಇವಕ್ಕೆ ದಾನಿಗಳು ಸಿಗುವುದು ಅಪರೂಪ, ಏಕೆಂದರೆ ಇವುಗಳ ಮೇಲೆ ಕಲ್ಲಿನ ಫಲಕ ಕೂರಿಸಲಾಗುವುದಿಲ್ಲ. ಎರಡು ವರ್ಷಕ್ಕೊಮ್ಮೆ ನಡೆಸುವ ಕಲಾ ಪ್ರದರ್ಶನವಾದ ಕೊಚ್ಚಿಯ ಬಿನಾಲೆಯನ್ನೇ ನೋಡಿ. 1867ರಲ್ಲಿ ಸ್ಥಾಪನೆಯಾದ ವ್ಯಾಪಾರಿ ಸಂಸ್ಥೆಯ ಆಸ್ಪಿನ್‌ವಾಲ್ ಹೌಸ್‌ನಲ್ಲಿ 2012ರ ಡಿಸೆಂಬರ್ 12ರಂದು ಆರಂಭವಾದ ಅದು ದೇಶಕ್ಕೇ ದೊಡ್ಡ ಉದಾಹರಣೆ. ಆದರೂ ಕಟ್ಟಡದ ಒಡೆತನ ಬೇರೆಯವರದ್ದಾದ್ದರಿಂದ ಆವೃತ್ತಿಯಿಂದ ಆವೃತ್ತಿಗೆ ಜಾಗದ ಮಾತುಕತೆ ನಡೆಯಬೇಕಾಯಿತು. 2022ರಲ್ಲಿ ಉದ್ಘಾಟನೆ ಡಿಸೆಂಬರ್ 12ರಿಂದ 23ಕ್ಕೆ ಮುಂದೆ ಹೋಯಿತು, ಪ್ರದರ್ಶನದ ಜಾಗಗಳಲ್ಲಿ ಮಳೆ ನೀರು ಸೋರಿದ್ದನ್ನೂ ವಿದ್ಯುತ್ ಸರಿಯಾಗಿರದಿದ್ದುದನ್ನೂ ಕಲಾವಿದರು ಬಹಿರಂಗ ಪತ್ರದಲ್ಲಿ ಬರೆದರು. ಜಗತ್ತಿನ ಕಣ್ಣು ನೆಟ್ಟಿದ್ದ ಪ್ರದರ್ಶನಕ್ಕೇ ಇಷ್ಟು ತೊಡಕಾದರೆ ಜಿಲ್ಲಾ ಕೇಂದ್ರದ ಗ್ಯಾಲರಿಗೆ ಒಡೆತನದ ಕಾಗದ ಎಷ್ಟು ಗಟ್ಟಿಯಾಗಿರಬೇಕೆಂದು ಊಹಿಸಬಹುದು.

ದಾವಣಗೆರೆಗೆ ಹೆಚ್ಚು ಹತ್ತಿರವಾದ ಎರಡು ಉದಾಹರಣೆಗಳಿವೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನಾರ್ತ್ ಆ್ಯಡಮ್ಸ್ ಎಂಬ ಪುಟ್ಟ ಊರಿನ ಗಿರಣಿ ಸಮುಚ್ಚಯದಲ್ಲಿ ಮೊದಲು ಬಟ್ಟೆಗೆ ಅಚ್ಚು ಹಾಕುತ್ತಿದ್ದರು, 1942ರಿಂದ ಸ್ಪ್ರೇಗ್ ಕಂಪನಿ ವಿದ್ಯುತ್ ಉಪಕರಣ ತಯಾರಿಸಿತು. 1985ರಲ್ಲಿ ಅದು ಮುಚ್ಚಿದಾಗ ಊರೇ ಕಂಗೆಟ್ಟಿತು. ಮರುವರ್ಷವೇ ಕಲಾ ಸಂಗ್ರಹಾಲಯದ ಆಲೋಚನೆ ಹುಟ್ಟಿದರೂ ಅದು ತೆರೆದದ್ದು 1999ರಲ್ಲಿ. ಹದಿಮೂರು ವರ್ಷ ಕಾಯಬೇಕಾಯಿತು. ಸಮುಚ್ಚಯದ ಒಂದಷ್ಟು ಕಟ್ಟಡಗಳನ್ನು ಕಚೇರಿ, ಅಂಗಡಿಗಳಿಗೆ ಬಾಡಿಗೆಗೆ ಕೊಟ್ಟು ಆ ವರಮಾನದಿಂದ ಗ್ಯಾಲರಿಗೆ ಆಸರೆ ಕೊಟ್ಟದ್ದು ಅದರ ಜಾಣ್ಮೆ. ಹಾಗಿದ್ದರೂ ಕಾರ್ಖಾನೆಯಲ್ಲಿದ್ದ ಸಾವಿರಾರು ಉದ್ಯೋಗಗಳು ಸಂಗ್ರಹಾಲಯದಿಂದ ಮರಳಿ ಬರಲಿಲ್ಲ.

ಇನ್ನೊಂದು ಬ್ರೆಜಿಲ್‌ನ ಸಾವೊ ಪಾಲೊ ನಗರದ್ದು. ಅಲ್ಲಿನ ಹಳೆಯ ಡ್ರಮ್ (ಪೀಪಾಯಿ) ಕಾರ್ಖಾನೆಯನ್ನು ವಾಸ್ತುಶಿಲ್ಪಿ ಲೀನಾ ಬೊ ಬಾರ್ಡಿ ಕೆಡವದೆ ಉಳಿಸಿಕೊಂಡರು, 1982ರಲ್ಲಿ ಅದು ಜನರಿಗೆ ತೆರೆಯಿತು. ಅದು ಗ್ಯಾಲರಿಯಷ್ಟೇ ಅಲ್ಲ: ಗ್ರಂಥಾಲಯ, ರಂಗಮಂದಿರ, ಕುಂಬಾರಿಕೆ ಮತ್ತು ಮುದ್ರಣದ ಕಾರ್ಯಾಗಾರ, ಊಟದ ಮನೆ ಎಲ್ಲವೂ ಒಂದೇ ಮಾಡಿನಡಿ ಇವೆ. ಅದನ್ನು ನಡೆಸುವ ಸಂಸ್ಥೆಗೆ ವಾಣಿಜ್ಯ ವಲಯದ ಕಂಪನಿಗಳು ತಮ್ಮ ಸಂಬಳ ಬಟವಾಡೆಯ ಮೇಲೆ ಕಡ್ಡಾಯವಾಗಿ ಕೊಡುವ ವಂತಿಗೆ ಬರುತ್ತದೆ. ಕಾರ್ಮಿಕರ ಹೆಸರಿನಲ್ಲಿ ಬಂದ ಹಣ ಕಾರ್ಮಿಕರ ಬಿಡುವಿನ ವೇಳೆಗೆ ಖರ್ಚಾಗುತ್ತದೆ. ಸರ್ಕಾರಗಳು ಬದಲಾದರೂ ಆ ಹಣ ನಿಲ್ಲದಿರುವುದೇ ಅದರ ದೀರ್ಘಾಯುಷ್ಯದ ಗುಟ್ಟು.

ನಡೆಸುವವರು ಯಾರು, ಒಳಗೆ ಬರುವವರು ಯಾರು

ಖಾಸಗಿಯವರಿಗೆ ವಹಿಸಿದರೆ ಖರ್ಚಿನ ಚಿಂತೆ ತೀರುತ್ತದೆ ಎಂಬ ಸಲಹೆ ಬಂದೇ ಬರುತ್ತದೆ. 2016ರಲ್ಲಿ ಬೆಂಗಳೂರಿನ ವೆಂಕಟಪ್ಪ ಕಲಾ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನದ ಸಹಭಾಗಿತ್ವಕ್ಕೆ ಕೊಡುವ ಸರ್ಕಾರದ ಕ್ರಮವನ್ನು ಕಲಾವಿದರು ಬೀದಿಗಿಳಿದು ವಿರೋಧಿಸಿದ್ದು ಈ ಸಲಹೆಯ ಇನ್ನೊಂದು ಮುಖ. ಪ್ರದರ್ಶನಕ್ಕೆ ಯಾರ ಕೃತಿ ಬರಬೇಕು, ಬಾಡಿಗೆ ಎಷ್ಟು, ಊರಿನ ವಿದ್ಯಾರ್ಥಿಗೆ ಗೋಡೆ ಸಿಗುತ್ತದೆಯೇ ಎಂಬುದನ್ನು ಯಾರು ತೀರ್ಮಾನಿಸುತ್ತಾರೆ ಎಂಬುದು ಹಣದಷ್ಟೇ ಮುಖ್ಯವಾಯಿತು. ದಾವಣಗೆರೆಯ ಮಟ್ಟಿಗೆ ಮಹಾನಗರ ಪಾಲಿಕೆ, ವಿಶ್ವವಿದ್ಯಾನಿಲಯ, ಕಲಾವಿದರು ಮತ್ತು ಹಳೆಯ ಗಿರಣಿ ಕಾರ್ಮಿಕರ ಪ್ರತಿನಿಧಿಗಳು ಕೂತ ಟ್ರಸ್ಟ್ ಒಂದೇ ಸಮಾಧಾನಕರ ಉತ್ತರವೆಂದು ತೋರುತ್ತದೆ. ದೃಶ್ಯಕಲಾ ವಿದ್ಯಾರ್ಥಿಗಳ ಮುದ್ರಣ, ಶಿಲ್ಪದ ಕಾರ್ಯಾಗಾರಗಳು ಅಲ್ಲಿಗೇ ಬಂದರೆ ಕಟ್ಟಡ ವರ್ಷದ ಬಹುಪಾಲು ದಿನ ಜನರಿಂದ ತುಂಬಿರುತ್ತದೆ, ಕಾವಲು ಮತ್ತು ವಿದ್ಯುತ್ತಿನ ಖರ್ಚಿನ ಒಂದು ಪಾಲು ಶಿಕ್ಷಣದ ಬಾಬ್ತಿಗೆ ಹೋಗುತ್ತದೆ.

ಗಿರಣಿಯಲ್ಲಿ ದುಡಿದವರು ಈಗ ವೃದ್ಧರು. ಯಾವ ಯಂತ್ರ ಎಲ್ಲಿ ನಿಂತಿತ್ತು, ರಾತ್ರಿ ಪಾಳಿ ಹೇಗಿತ್ತು, ಹತ್ತಿಯ ದೂಳಿನಿಂದ ಯಾರ ಎದೆ ಕೆಟ್ಟಿತು, ಬದಲಿ ಕಾರ್ಮಿಕರು ಗೇಟಿನಲ್ಲಿ ಹೇಗೆ ಕಾಯುತ್ತಿದ್ದರು ಎಂಬುದು ಅವರ ನೆನಪಿನಲ್ಲಿದೆ. ಅದನ್ನು ಧ್ವನಿಯಲ್ಲಿ, ಚಿತ್ರದಲ್ಲಿ ದಾಖಲಿಸದೆ ಗೋಡೆಗೆ ಬಿಳಿ ಬಣ್ಣ ಬಳಿದರೆ ಗಿರಣಿ ಉಳಿದಂತಾಗುವುದಿಲ್ಲ. 2021ರಲ್ಲಿ ಆಲಪ್ಪುಳದ ಹಳೆಯ ನಾರಿನ ಗೋದಾಮುಗಳಲ್ಲಿ ನಡೆದ ದೊಡ್ಡ ಕಲಾ ಪ್ರದರ್ಶನ ಜನರಿಗೆ ಆಪ್ತವಾದದ್ದಕ್ಕೆ ಆ ಗೋಡೆಗಳೊಂದಿಗೆ ಊರಿಗಿದ್ದ ದುಡಿಮೆಯ ನಂಟೂ ಒಂದು ಕಾರಣ.

ಗ್ಯಾಲರಿ ಗೆದ್ದರೆ ಅದರಿಂದಲೂ ಒಂದು ಕಷ್ಟ ಬರುತ್ತದೆ. ಬೀಜಿಂಗ್‌ನ 798 ಕಾರ್ಖಾನೆ ಪ್ರದೇಶಕ್ಕೆ 2000ದ ಸುಮಾರಿಗೆ ಕಲಾವಿದರು ಹೋದದ್ದು ಬಾಡಿಗೆ ಅಗ್ಗವೆಂದು. ಅವರಿಂದ ಹೆಸರು ಬಂದ ಮೇಲೆ ಬಾಡಿಗೆ ಏರಿ ಅವರಲ್ಲೇ ಅನೇಕರು ಹೊರಟುಹೋದರು. ಗಿರಣಿಯ ಸುತ್ತಲಿನ ಬೀದಿಗಳಲ್ಲಿ ಬಾಡಿಗೆ ಮನೆಗಳಲ್ಲಿರುವ ಹಳೆಯ ಕಾರ್ಮಿಕ ಕುಟುಂಬಗಳಿಗೂ ಇದೇ ಆಗಬಹುದು, ಆದ್ದರಿಂದ ಅವರ ಮನೆಗಳ ಹಕ್ಕುಪತ್ರದ ವಿಷಯ ಗ್ಯಾಲರಿಗಿಂತ ಮೊದಲು ಇತ್ಯರ್ಥವಾಗಬೇಕು.

ಈಗಲೇ ಆಗಬೇಕಾದದ್ದು ದುಬಾರಿಯ ಕೆಲಸವಲ್ಲ. ದಾವಣಗೆರೆ ಮತ್ತು ಹರಿಹರದಲ್ಲಿ ಇನ್ನೂ ನಿಂತಿರುವ ಗಿರಣಿ, ಜಿನ್ನಿಂಗ್ ಮತ್ತು ಕಾರ್ಖಾನೆ ಕಟ್ಟಡಗಳ ಪಟ್ಟಿಯೊಂದು ಬೇಕು. ಪ್ರತಿಯೊಂದರ ಒಡೆತನ, ಸಾಲ, ನ್ಯಾಯಾಲಯದ ಸ್ಥಿತಿ, ಕಾರ್ಮಿಕರ ಬಾಕಿ, ಮಾಡಿನ ಮತ್ತು ಕಂಬಗಳ ದೃಢತೆ ಅದರಲ್ಲಿ ನಮೂದಾಗಬೇಕು. ಅಳತೆ ತೆಗೆಯುವ ಕೆಲಸವನ್ನು ಊರಿನ ಎಂಜಿನಿಯರಿಂಗ್ ಕಾಲೇಜುಗಳೂ ಚಿತ್ರಿಸುವ ಕೆಲಸವನ್ನು ದೃಶ್ಯಕಲಾ ಮಹಾವಿದ್ಯಾಲಯವೂ ಒಂದು ಶೈಕ್ಷಣಿಕ ವರ್ಷದಲ್ಲಿ ಮುಗಿಸಬಹುದು. 1930ರ ದಶಕದ ಕಟ್ಟಡಗಳಿಗೆ ನೂರು ತುಂಬುವುದು 2030ರ ದಶಕದಲ್ಲಿ. ಅದಕ್ಕೆ ಮುಂಚೆ ಬರುವ ಪ್ರತಿ ಹರಾಜಿನ ದಿನ, ಪ್ರತಿ ಭೂ ಬಳಕೆ ಬದಲಾವಣೆಯ ಅರ್ಜಿಯ ದಿನ ಆ ಪಟ್ಟಿ ಜಿಲ್ಲಾಧಿಕಾರಿಯ ಮೇಜಿನ ಮೇಲಿರಬೇಕು.